ಕೊಕ್ಕು, ಹಾಡು, ಹೊಸ ಕುಲ

ಡಾರ್ವಿನ್ ಗಲಾಪಗಸ್ ದ್ವೀಪಗಳಿಗೆ ಹೋದ, ಫಿಂಚ್ ಹಕ್ಕಿಗಳ ಕೊಕ್ಕುಗಳನ್ನು ಕಂಡ, ಒಡನೆಯೇ ವಿಕಾಸವಾದ ಹೊಳೆಯಿತು – ಇದು ನಾವೆಲ್ಲ ಶಾಲೆಯಲ್ಲಿ ಕೇಳಿದ ಕಥೆ. ಕಥೆ ಸೊಗಸಾಗಿದೆ, ನಡೆದದ್ದು ಮಾತ್ರ ಹಾಗಲ್ಲ.

1835ರ ಸೆಪ್ಟೆಂಬರಿನಲ್ಲಿ ಬೀಗಲ್ ಹಡಗು ಆ ದ್ವೀಪಸ್ತೋಮವನ್ನು ಮುಟ್ಟಿದಾಗ ಡಾರ್ವಿನ್ನನಿಗೆ 26 ವರ್ಷ. ಆಮೆಯನ್ನು ಕಂಡೊಡನೆ ಅದು ಯಾವ ದ್ವೀಪದ್ದೆಂದು ಹೇಳಬಲ್ಲೆನೆಂದು ಅಲ್ಲಿನ ಅಧಿಕಾರಿ ಲಾಸನ್ ತಿಳಿಸಿದ್ದ. ಆ ಮಾತಿನ ಬೆಲೆ ಆಗ ಇವನಿಗೆ ಹತ್ತಲಿಲ್ಲ. ಫಿಂಚುಗಳನ್ನು ಬೇರೆಬೇರೆ ಬಳಗದ ಹಕ್ಕಿಗಳೆಂದೇ ಬಗೆದು, ಬಹುಪಾಲಿಗೆ ದ್ವೀಪದ ಹೆಸರನ್ನೂ ಬರೆಯದೆ ಕಲಸಿಬಿಟ್ಟ. 1837ರ ಜನವರಿಯಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೂಲ್ಡ್, ಇವೆಲ್ಲ ಒಂದೇ ಬಳಗದ ಬೇರೆಬೇರೆ ಪ್ರಭೇದಗಳೆಂದು ಸಾರಿದ. ಆಗ ಶುರುವಾಯಿತು ಪೇಚಾಟ! ಕಪ್ತಾನ ಫಿಟ್ಸ್‌ರಾಯ್, ಸೇವಕ ಕವಿಂಗ್ಟನ್ ಮೊದಲಾದವರು ದ್ವೀಪದ ಹೆಸರು ಸಹಿತ ಇಟ್ಟುಕೊಂಡಿದ್ದ ಹಕ್ಕಿಗಳನ್ನು ಡಾರ್ವಿನ್ ಕೇಳಿ ಪಡೆಯಬೇಕಾಯಿತು.

ಮುಖ್ಯಭೂಮಿಯಿಂದ ಎಂದೋ ಬಂದ ಕೆಲವೇ ಹಕ್ಕಿಗಳು ದ್ವೀಪದ್ವೀಪಗಳಿಗೆ ಹಂಚಿಹೋದವು. ಒಂದೊಂದೆಡೆಯ ಆಹಾರಕ್ಕೆ ತಕ್ಕಂತೆ ತಲೆಮಾರುಗಳಲ್ಲಿ ಕೊಕ್ಕು ಬದಲಾಯಿತು. ಮತ್ತೆ ಎದುರಾದಾಗ ಅವು ಪರಸ್ಪರ ಕೂಡಲಿಲ್ಲ. ಹೊಸ ಪ್ರಭೇದ ಹುಟ್ಟುವ ಹಳೆಯ ದಾರಿ ಇದು. ಇದನ್ನು ಕಣ್ಣಾರೆ ಕಾಣಲು ಒಬ್ಬರ ಆಯುಸ್ಸು ಸಾಲದೆಂದೇ ವಿದ್ವಾಂಸರ ಎಣಿಕೆಯಾಗಿತ್ತು.

1973ರಿಂದ ಪೀಟರ್ ಮತ್ತು ರೋಸ್ಮರಿ ಗ್ರಾಂಟ್ ದಂಪತಿಗಳು ಡ್ಯಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ವರ್ಷವರ್ಷವೂ ಹಕ್ಕಿಗಳನ್ನು ಹಿಡಿದು, ಅಳೆದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟರು. 1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ ಬೀಜಗಳು ಮುಗಿದು ಗಡುಸಾದ ದೊಡ್ಡ ಬೀಜಗಳು ಉಳಿದವು. ಅವನ್ನು ಒಡೆಯಬಲ್ಲ ದಪ್ಪ ಕೊಕ್ಕಿನವೇ ಹೆಚ್ಚಾಗಿ ಬದುಕಿದವು. ಮುಂದಿನ ಮರಿಗಳ ಕೊಕ್ಕೂ ಸರಾಸರಿಯಲ್ಲಿ ದಪ್ಪವಾಯಿತು.

1981ರಲ್ಲಿ ನೂರು ಕಿಲೋಮೀಟರಿಗೂ ದೂರದ ಎಸ್ಪನ್ಯೋಲಾ ದ್ವೀಪದಿಂದ ಒಂದು ದೊಡ್ಡ ಗಂಡು ಫಿಂಚು ಹಾರಿಬಂತು. ಸ್ಥಳೀಯ ಹೆಣ್ಣುಗಳೊಡನೆ ಸಂಸಾರ ಹೂಡಿತು. ಫಿಂಚಿನ ಗಂಡುಮರಿ ಹಾಡು ಕಲಿಯುವುದು ತಂದೆಯಿಂದ. ಪರದೇಶಿಯ ಹಾಡು ಅಲ್ಲಿಯವರದಲ್ಲ, ಕೊಕ್ಕಿನ ಆಕಾರವೂ ಬೇರೆ. ಊರ ಹೆಣ್ಣುಗಳು ಅವನ ಮಕ್ಕಳನ್ನು ಒಪ್ಪಲಿಲ್ಲ. ಎರಡನೆಯ ತಲೆಮಾರಿನಿಂದ ಆ ವಂಶ ತನ್ನೊಳಗೇ ಕೂಡತೊಡಗಿತು. ಭಾಷೆ ಕಲಿಸಿ ಬದುಕುವ ನನ್ನಂಥವನಿಗೆ ಇದು ಬೆರಗಿನ ಸಂಗತಿ: ಗೋಡೆ ಕಟ್ಟಿದ್ದು ಕಡಲಲ್ಲ, ನುಡಿ. ಮುಂದೆ ಬಿದ್ದ ಬರದಲ್ಲಿ ಆ ವಂಶದಲ್ಲಿ ಒಬ್ಬ ಅಣ್ಣ, ಒಬ್ಬ ತಂಗಿ ಮಾತ್ರ ಉಳಿದರು. ಅವರಿಂದಲೇ ಸಂತಾನ ಮತ್ತೆ ಬೆಳೆಯಿತು.

2017ರಲ್ಲಿ ಈ ವೃತ್ತಾಂತ ಅಚ್ಚಾದಾಗಲೂ ಗ್ರಾಂಟರು ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಲಿಲ್ಲ. ದಿನಚರಿಯಲ್ಲಿಟ್ಟ ಅಡ್ಡಹೆಸರೇ ಉಳಿಯಿತು: ‘ದೊಡ್ಡ ಹಕ್ಕಿ’.