ಹಳ್ಳದ ಗುಂಟ ಹುಲಿ, ಸಿಂಹ

ಪುಣೆಯಲ್ಲಿ ಆಂಬಿಲ ಓಢಾ ಅಂದರೆ ಈಗ ಜನಕ್ಕೆ ನೆನಪಾಗುವುದು 2019ರ ಸೆಪ್ಟೆಂಬರ್ 25ರ ರಾತ್ರಿ. ಸಹಕಾರನಗರದ ಆಸುಪಾಸಿನ ಮನೆಗಳಿಗೆ ನುಗ್ಗಿ ಜೀವಗಳನ್ನೂ ಗಾಡಿಗಳನ್ನೂ ಕೊಚ್ಚಿಕೊಂಡು ಹೋದ ಹಳ್ಳ ಅದು. ನನಗೆ ಮಾತ್ರ ಅದು ಈ ಊರಿನ ಮೃಗಗಳ ಹಳ್ಳ. ಕಾತ್ರಜದ ಗುಡ್ಡದಲ್ಲಿ ಹುಟ್ಟಿ, ಪರ್ವತಿ ಗುಡ್ಡದ ಕಡೆ ಹಾದು ಮುಠಾ ನದಿಯ ಪಾಲಾಗುತ್ತದೆ. ಪೇಶ್ವೆಗಳು ಪ್ರಾಣಿ ಸಾಕಿದ್ದು ಪರ್ವತಿಯ ಬುಡದಲ್ಲಿ. ಇಂದಿನ ಮೃಗಾಲಯ ಇರುವುದು ಕಾತ್ರಜದ ಕೆರೆದಂಡೆಯಲ್ಲಿ. ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಊರು ಬೆಳೆದಂತೆಲ್ಲ ಹುಲಿ, ಕರಡಿಗಳು ಹಳ್ಳದ ಗುಂಟ ಮೇಲಕ್ಕೆ ಸರಿದಿವೆ.

ನಾನು ಧಾರವಾಡದವನು. ಬ್ಯಾಂಕಿನ ಕೆಲಸಕ್ಕೆಂದು ಬಂದು ಧನಕವಡಿಯಲ್ಲಿ ಮನೆ ಮಾಡಿ ಇಲ್ಲೇ ಮುದುಕನಾದೆ. ಊರಿಂದ ಬೀಗರು, ನೆಂಟರು ಬಂದರೆ ಶನಿವಾರವಾಡಾ, ದಗಡೂಶೇಟ್ ಗಣಪತಿ, ಆಮೇಲೆ ಮಕ್ಕಳಿದ್ದರೆ ಮೃಗಾಲಯ. ಹೀಗೆ ಹೋಗಿ ಹೋಗಿ ಈ ಚರಿತ್ರೆಯ ಬೆನ್ನು ಹತ್ತಿದ್ದು.

ಮೊದಲು ನೀರಿನ ವಿಚಾರ ಹೇಳಬೇಕು. ನಾನಾಸಾಹೇಬ ಪೇಶ್ವೆ 1750ರ ಹೊತ್ತಿಗೆ ಕಾತ್ರಜದಲ್ಲಿ ಒಡ್ಡು ಹಾಕಿಸಿ, ಅಲ್ಲಿಂದ ಶನಿವಾರವಾಡೆಯ ತನಕ ನೆಲದೊಳಗೆ ಕಲ್ಲಿನ ಕಾಲುವೆ ಕಟ್ಟಿಸಿದ. ದಾರಿಯುದ್ದಕ್ಕೂ ಗಾಳಿಯಾಡಲು ಕಟ್ಟಿದ ಗೋಪುರಗಳನ್ನು ಇಲ್ಲಿಯವರು ಉಚ್ಛ್ವಾಸ ಅನ್ನುತ್ತಾರೆ. ಅದೇ ಕಾಲದಲ್ಲಿ ಪರ್ವತಿಯ ಕೆಳಗೊಂದು ಕೆರೆಯೂ ಆಯಿತು. ಕೆರೆಯ ನಡುಗಡ್ಡೆಯಲ್ಲಿ ಗಣಪತಿ ಬಂದು ಕೂತ. ನೀರು ಬತ್ತಿಸಿ ಉದ್ಯಾನ ಮಾಡಿದ ಮೇಲೂ ಅವನು ‘ತಳ್ಯಾತಲಾ ಗಣಪತಿ’, ಅಂದರೆ ಕೆರೆಯೊಳಗಿನ ಗಣಪ. ಸಾರಸಬಾಗ್ ಅಂದರೆ ಇದೇ.

ಇದರ ಆಸುಪಾಸಿನಲ್ಲೇ ಸವಾಯಿ ಮಾಧವರಾವ್ ಪೇಶ್ವೆಯ ಶಿಕಾರಖಾನೆ, ಅಂದರೆ ಪ್ರಾಣಿಗಳನ್ನು ಸಾಕುವ ಜಾಗ, ಇತ್ತು. ಹುಡುಗ ಹುಟ್ಟಿದ್ದು 1774ರಲ್ಲಿ, ತಂದೆಯ ಕೊಲೆಯಾದ ಮೇಲೆ. ನಲವತ್ತು ದಿನದ ಕೂಸಿಗೇ ಪೇಶ್ವೆ ಪಟ್ಟ. ರಾಜ್ಯಭಾರವೆಲ್ಲ ಮಂತ್ರಿ ನಾನಾ ಫಡ್ನವೀಸನದು. ಹುಡುಗನ ಪಾಲಿಗೆ ಉಳಿದದ್ದು ಪ್ರಾಣಿಗಳು. ಅವನಲ್ಲಿ ಘೇಂಡಾಮೃಗವೂ ಇತ್ತು. ಅದನ್ನು 1790ರ ನವೆಂಬರ್‌ನಲ್ಲಿ ಗಂಗಾರಾಮ ತಾಂಬಟ್ ಎಂಬ ಪುಣೆಯ ಚಿತ್ರಕಾರ ಬಿಡಿಸಿದ. ಆ ಹಾಳೆ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಗಂಗಾರಾಮನಿಂದ ಚಿತ್ರ ಬರೆಸುತ್ತಿದ್ದವನು ಪೇಶ್ವೆ ದರಬಾರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್. ಅದೇ ವರ್ಷ ಜೂನ್‌ನಲ್ಲಿ ಟಿಪ್ಪುವಿನ ವಿರುದ್ಧ ಮರಾಠರ ಜೊತೆ ಒಪ್ಪಂದ ಕುದುರಿಸಿದವನೂ ಅವನೇ. ಆ ಒಪ್ಪಂದದ ಫಲವಾಗಿ ಪರಶುರಾಮಭಾವು ಪಟವರ್ಧನನ ಸೈನ್ಯ, ಕ್ಯಾಪ್ಟನ್ ಲಿಟ್ಲನ ಪಡೆ ಎರಡೂ ಬಂದು ನಮ್ಮ ಧಾರವಾಡ ಕೋಟೆಗೆ ಮುತ್ತಿಗೆ ಹಾಕಿದ್ದವು. ಕೋಟೆ ಬಿದ್ದದ್ದು 1791ರ ಏಪ್ರಿಲ್‌ಗೆ. ಅಂದಮೇಲೆ ಪುಣೆಯಲ್ಲಿ ಕಲಾವಿದ ಘೇಂಡಾಮೃಗದ ಚರ್ಮದ ಮಡಿಕೆ ನೋಡುತ್ತ ಕೂತಿದ್ದಾಗ ನಮ್ಮೂರಲ್ಲಿ ತೋಫು ಹಾರುತ್ತಿತ್ತು. ಇತಿಹಾಸದ ಪುಸ್ತಕಗಳಲ್ಲಿ ಈ ಎರಡು ಸಂಗತಿ ಒಂದೇ ಪುಟದಲ್ಲಿ ಸಿಕ್ಕುವುದಿಲ್ಲ.

ಆದರೆ ಘೇಂಡಾಮೃಗಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೃಷ್ಣಮೃಗಗಳ ಕಥೆ. 1792ರ ಏಪ್ರಿಲ್‌ನಲ್ಲಿ, ಆಗಷ್ಟೇ ಹದಿನೆಂಟು ತುಂಬಿದ್ದ ಪೇಶ್ವೆ, ಊರಿಂದ ನಾಲ್ಕು ಕೋಸು ದೂರದ ತನ್ನ ರಮಣಾಕ್ಕೆ ಮ್ಯಾಲೆಟ್‌ನನ್ನು ಕರೆಸಿದ. ರಮಣಾ ಅಂದರೆ ಜಿಂಕೆಗಳಿಗಾಗಿ ಕಾಯ್ದಿಟ್ಟ ಬಯಲು. ಡೇರೆ ಹಾಕಿತ್ತು. ವಾದ್ಯ ಶುರುವಾಯಿತು. ಬಯಲಿನಿಂದ ನಾಲ್ಕು ಕೃಷ್ಣಮೃಗಗಳು, ಹಗ್ಗ ಸರಪಳಿ ಯಾವುದೂ ಇಲ್ಲದೆ, ಜನರ ಗದ್ದಲವನ್ನೂ ಲೆಕ್ಕಿಸದೆ ನಡೆದು ಬಂದವು. ಅವನ್ನು ತೂಗುಮಂಚದ ಮೇಲೂ ಕೂರಿಸಿ ತೂಗಿದರು ಎಂದು ಮ್ಯಾಲೆಟ್ ಬರೆದಿಟ್ಟಿದ್ದಾನೆ. ನೆರಳು ಅಲುಗಿದರೆ ಮಾರುದ್ದ ಹಾರುವ ಜಾತಿ ಅದು. ರಾಣೆಬೆನ್ನೂರಿನ ಕಾಡಲ್ಲಿ ನೋಡಿದವರಿಗೆ ಗೊತ್ತು. ತಿಂಗಳುಗಟ್ಟಲೆ ತಾಳ್ಮೆಯಿಂದ ಅವನ್ನು ಪಳಗಿಸಿದ ಆಳುಗಳ ಹೆಸರು ಮಾತ್ರ ಯಾರೂ ಬರೆದಿಡಲಿಲ್ಲ. ಪ್ರಾಣಿ ಸಾಕುವ ಕಸುಬಿನಲ್ಲಿ ಅಂದೂ ಹಾಗೆ, ಇಂದೂ ಹಾಗೆ. ಕಟ್ಟಿಸಿದವನ ಹೆಸರು ಫಲಕದಲ್ಲಿ, ಮೇವು ಹಾಕಿದವನದು ಎಲ್ಲೂ ಇಲ್ಲ.

ಸವಾಯಿ ಮಾಧವರಾವ್ 1795ರಲ್ಲಿ ಶನಿವಾರವಾಡೆಯ ಮೇಲಿನಿಂದ ಬಿದ್ದು ತೀರಿಕೊಂಡ. 1818ಕ್ಕೆ ಪೇಶ್ವಾಯಿಯೇ ಮುಗಿಯಿತು.

ಮುಂದೆ 1953ರಲ್ಲಿ ಪುಣೆ ಮಹಾನಗರಪಾಲಿಕೆ ಅದೇ ಪರ್ವತಿಯ ಬುಡದಲ್ಲಿ ಪೇಶ್ವೆ ಉದ್ಯಾನ ತೆರೆಯಿತು. 1956ರ ಏಪ್ರಿಲ್‌ನಲ್ಲಿ ‘ಫುಲರಾಣಿ’ ಎಂಬ ಮಕ್ಕಳ ರೈಲು ಓಡತೊಡಗಿತು. ಪುಣೆಯ ಹಳಬರ ಮುಂದೆ ಈ ಹೆಸರು ಎತ್ತಿದರೆ ಸಾಕು, ಕಣ್ಣು ಮಿನುಗುತ್ತವೆ. ಸಿಂಹದ ಗರ್ಜನೆ ರಾತ್ರಿ ಮನೆಯೊಳಗೆ ಕೇಳುತ್ತಿತ್ತು ಅಂತ ಶುರುವಾಗುತ್ತದೆ. ಕೇಳಲು ಚಂದ. ಆದರೆ ನಾನು ಕಂಡ ಪೇಶ್ವೆ ಉದ್ಯಾನದಲ್ಲಿ ಗಮನಕ್ಕೆ ಬರುತ್ತಿದ್ದದ್ದು ಗರ್ಜನೆಯಲ್ಲ, ವಾಸನೆ. ಕಬ್ಬಿಣದ ಸರಳು, ಸಿಮೆಂಟಿನ ನೆಲ, ನೆಲದ ಮೇಲೆ ಹಾದುಹೋದ ನೀರಿನ ಪಟ್ಟಿ, ಸರಳಿನ ಹಿಂದೆ ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ಸುಳಿಯುವ ಹುಲಿ. ಹಳೆಯದನ್ನೆಲ್ಲ ಚಂದ ಅನ್ನುವ ಚಟ ನನಗಿಲ್ಲ. ಆ ಪಂಜರಗಳು ಹೋದದ್ದು ಒಳ್ಳೆಯದೇ ಆಯಿತು.

ಇಲ್ಲಿ ಮೈಸೂರಿನವರು ಹೆಮ್ಮೆ ಪಡಬಹುದು. ಚಾಮರಾಜೇಂದ್ರ ಒಡೆಯರು 1892ರಲ್ಲಿ ಹತ್ತು ಎಕರೆಯಲ್ಲಿ ಶುರುಮಾಡಿದ ಮೃಗಾಲಯ ಕೂತಲ್ಲೇ ಬೆಳೆಯಿತು. ಪಕ್ಕದ ಕಾರಂಜಿಕೆರೆಯೂ ಅದರ ಸುಪರ್ದಿಗೆ ಬಂತು. ಪುಣೆಯಲ್ಲಿ ಬೆಳೆದದ್ದು ಊರು, ಮೃಗಾಲಯವಲ್ಲ. ಒಂದು ಕಡೆ ಪೇಠೆ, ಇನ್ನೊಂದು ಕಡೆ ಸ್ವಾರಗೇಟಿನ ಬಸ್ ನಿಲ್ದಾಣ. ಕೇಂದ್ರೀಯ ಮೃಗಾಲಯ ಪ್ರಾಧಿಕಾರ 1992ರಲ್ಲಿ ಬಂದ ಮೇಲೆ ಪ್ರಾಣಿಗೆ ಇಷ್ಟು ಜಾಗ, ಇಷ್ಟು ನೆರಳು ಎಂಬ ಕಟ್ಟಳೆಗಳೂ ಬಂದವು. ಜಾಗ ಹುಡುಕಲೇಬೇಕಾಯಿತು.

ಕಾತ್ರಜದಲ್ಲಿ ಅಷ್ಟರೊಳಗೆ ಹಾವುಗಳು ಬಂದು ಕೂತಿದ್ದವು. 1980ರಲ್ಲಿ 72 ವಿಷದ ಹಾವುಗಳ ಜೊತೆ ಗಾಜಿನ ಕೋಣೆಯಲ್ಲಿ 72 ಗಂಟೆ ಕಳೆದು ಹೆಸರಾದ ನೀಲಿಮಕುಮಾರ ಖೈರೆಯವರ ಶ್ರಮದಿಂದ 1986ರಲ್ಲಿ ಅಲ್ಲಿ ಸರ್ಪೋದ್ಯಾನ ಆಗಿತ್ತು. ಅದರ ಸುತ್ತಲೇ 130 ಎಕರೆಯಲ್ಲಿ 1999ರಲ್ಲಿ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯ ತೆರೆಯಿತು. ಅದರಲ್ಲಿ 42 ಎಕರೆ ಬರೀ ಕೆರೆ, ನಾನಾಸಾಹೇಬ ಕಟ್ಟಿಸಿದ ಅದೇ ಕಾತ್ರಜ ಕೆರೆ. ಪೇಶ್ವೆ ಉದ್ಯಾನದ ಪ್ರಾಣಿಗಳನ್ನು ಹಂತಹಂತವಾಗಿ ಇಲ್ಲಿಗೆ ತಂದರು. ಫುಲರಾಣಿ ಮಾತ್ರ ಅಲ್ಲೇ ಉಳಿದಳು.

ಇಲ್ಲಿ ಸರಳುಗಳ ಬದಲು ಕಂದಕ. ಹುಲಿ ಕಾಣದಿದ್ದರೆ ಜನ ಗೊಣಗುತ್ತಾರೆ, “ದುಡ್ಡು ಕೊಟ್ಟು ಗಿಡ ನೋಡಿದಂಗಾತು” ಅಂತ ನಮ್ಮ ಬೀಗರೇ ಅಂದಿದ್ದಾರೆ. ನನಗೆ ಅದೇ ಸಮಾಧಾನ. ಬೇಡವೆನಿಸಿದಾಗ ಕಣ್ಣಿಗೆ ಬೀಳದೆ ಇರುವಷ್ಟು ಪೊದೆ ಹುಲಿಗೆ ಸಿಕ್ಕಿದೆ ಅಂತಾಯಿತು.

ಹಾಗಂತ ಬೇಲಿಯ ಕಷ್ಟ ತೀರಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ಹಂಪಿಯಿಂದ ತಂದಿದ್ದ ‘ಸಚಿನ್’ ಎಂಬ ಚಿರತೆ ಪ್ರತ್ಯೇಕವಾಗಿಟ್ಟಿದ್ದ ಪಂಜರದಿಂದ ತಪ್ಪಿಸಿಕೊಂಡಿತು. ಮೃಗಾಲಯಕ್ಕೆ ಬೀಗ, ಆಚೆ ಹೆದ್ದಾರಿಯ ಮಂದಿಗೆಲ್ಲ ಗಾಬರಿ. ಒಂದೂವರೆ ದಿನದ ಹುಡುಕಾಟದ ಮೇಲೆ ಆವರಣದೊಳಗೇ ಸಿಕ್ಕಿತು. ಕನ್ನಡ ಬಲ್ಲ ಚಿರತೆ, ಮರಾಠಿಯಲ್ಲಿ ಕರೆದರೆ ಎಲ್ಲಿ ಬಂದೀತು ಅಂತ ನಮ್ಮ ಕಟ್ಟೆಯಲ್ಲಿ ನಗೆ. 2025ರ ಜುಲೈ ನಗುವಂಥದ್ದಲ್ಲ. ಕಾಲುಬಾಯಿ ರೋಗ ಹೊಕ್ಕು ಕೆಲವೇ ದಿನಗಳಲ್ಲಿ ಹದಿನೈದರ ಆಸುಪಾಸು ಚುಕ್ಕೆಜಿಂಕೆಗಳು ಸತ್ತವು. ದನಕರುಗಳ ಈ ರೋಗಕ್ಕೆ ಕಂದಕ ಎಷ್ಟು ಅಗಲವಿದ್ದರೇನು?

ಧಾರವಾಡದಿಂದ ಮುಂದಿನ ತಿಂಗಳು ಮತ್ತೆ ಮೊಮ್ಮಕ್ಕಳ ದಂಡು ಬರುವುದಿದೆ. ಬುಧವಾರ ಬಿಟ್ಟು ಯಾವತ್ತಾದರೂ ಬರ್ರಿ, ಅವತ್ತು ಕಾತ್ರಜಕ್ಕೆ ರಜಾ ಅಂತ ಹೇಳಿಟ್ಟಿದ್ದೇನೆ.