ನಿಮಿರು ದೌರ್ಬಲ್ಯ ಮತ್ತು ಅಲರ್ಜಿ ಔಷಧಿಗಳು: ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಅಥಣಿ ತಾಲೂಕಿನ ಕೊಕಟನೂರ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

ಪ್ರಶ್ನೆ 1: ನಿಮಿರು ದೌರ್ಬಲ್ಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಸಲಹೆ ಪಡೆಯಬಹುದೇ?
ಉತ್ತರ: ಪಡೆಯಬಹುದು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಅಥಣಿಯ ತಾಲೂಕು ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಪಡೆದು ವೈದ್ಯರನ್ನು ಕಾಣತಕ್ಕದ್ದು. ಚೀಟಿ ಬರೆಸುವಾಗ ಕಾಯಿಲೆಯನ್ನು ವಿವರಿಸುವ ಅಗತ್ಯವಿಲ್ಲ. ಈ ತೊಂದರೆಯು ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಹೃದ್ರೋಗದ ಮುನ್ಸೂಚನೆಯಾಗಿರಬಹುದಾದ್ದರಿಂದ ತಪಾಸಣೆಗೆ ಸಂಕೋಚಪಡಬಾರದು.

ಪ್ರಶ್ನೆ 2: ಸಿಲ್ಡೆನಾಫಿಲ್ ಮಾತ್ರೆಯನ್ನು ಚೀಟಿ ಇಲ್ಲದೆ ಕೊಳ್ಳಬಹುದೇ?
ಉತ್ತರ: ಕೊಳ್ಳುವಂತಿಲ್ಲ. 1945ರ ಔಷಧ ನಿಯಮಗಳ ಅನುಸೂಚಿ ‘ಎಚ್’ ಪ್ರಕಾರ ವೈದ್ಯರ ಚೀಟಿ ಕಡ್ಡಾಯ. ಎದೆನೋವಿಗೆ ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆ ಬಳಸುವವರು ಇದನ್ನು ಸೇವಿಸಿದಲ್ಲಿ ರಕ್ತದೊತ್ತಡ ದಿಢೀರನೆ ಕುಸಿದು ಪ್ರಾಣಾಪಾಯ ಉಂಟಾಗಬಹುದು.

ಪ್ರಶ್ನೆ 3: ಇದರೊಂದಿಗೆ ಅಲರ್ಜಿ ಮಾತ್ರೆ ಸೇವಿಸಬಹುದೇ?
ಉತ್ತರ: ಸೆಟಿರಿಜಿನ್‌ನಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಕ್ಲೋರ್‌ಫೆನಿರಮಿನ್‌ನಂತಹ ಹಳೆಯ ಮಾತ್ರೆಗಳಿಂದ ನಿದ್ರೆಯ ಮಂಪರು, ಮೂತ್ರ ಕಟ್ಟುವಿಕೆ ಉಂಟಾಗಬಹುದು. ಕೆಲವರಲ್ಲಿ ನಿಮಿರು ದೌರ್ಬಲ್ಯವೂ ಕಂಡುಬರಬಹುದು. ಫಿನೈಲೆಫ್ರಿನ್ ಬೆರೆತ ನೆಗಡಿ ಮಾತ್ರೆಗಳು ರಕ್ತದೊತ್ತಡ ಏರಿಸಬಲ್ಲವು. ಆದ್ದರಿಂದ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು ವೈದ್ಯರಿಗೆ ತೋರಿಸತಕ್ಕದ್ದು. ಸ್ವಂತ ನಿರ್ಧಾರದಿಂದ ಔಷಧಿ ನಿಲ್ಲಿಸಬಾರದು.

ಪ್ರಶ್ನೆ 4: ಜಾತ್ರೆ, ಸಂತೆಗಳಲ್ಲಿ ಮಾರುವ ‘ಶಕ್ತಿವರ್ಧಕ’ ಪುಡಿಗಳು ಸುರಕ್ಷಿತವೇ?
ಉತ್ತರ: ಅಂತಹ ಖಾತ್ರಿ ಇಲ್ಲ. ಗಿಡಮೂಲಿಕೆಯದೆಂದು ಮಾರಲಾದ ಕೆಲವು ಉತ್ಪನ್ನಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿದ್ದುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಪೊಟ್ಟಣದ ಮೇಲೆ ನಮೂದಿಸದ ಕಾರಣ ಹೃದ್ರೋಗಿಗೆ ಅಪಾಯವು ತಿಳಿಯುವುದೇ ಇಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಔಷಧಿಯ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮವು ನಿಷೇಧಿಸಿದೆ.

ಪ್ರಶ್ನೆ 5: ಯಾವಾಗ ಕೂಡಲೇ ಆಸ್ಪತ್ರೆಗೆ ಹೋಗಬೇಕು?
ಉತ್ತರ: ಈ ಕೆಳಗಿನ ಸಂದರ್ಭಗಳಲ್ಲಿ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ತೆರಳತಕ್ಕದ್ದು:
• ಎದೆನೋವು ಅಥವಾ ತಲೆಸುತ್ತಿ ಬೀಳುವುದು
• ಹಠಾತ್ ದೃಷ್ಟಿ ಮಂದವಾಗುವುದು
• ಮುಖ, ತುಟಿ ಊದಿಕೊಂಡು ಉಸಿರಾಟಕ್ಕೆ ತೊಂದರೆಯಾಗುವುದು
• ನಿಮಿರುವಿಕೆ 4 ಗಂಟೆ ಮೀರಿ ಉಳಿಯುವುದು
ಸಿಲ್ಡೆನಾಫಿಲ್ ಸೇವಿಸಿದ ಸಮಯವನ್ನು ವೈದ್ಯರಿಗೆ ಮರೆಮಾಚಬಾರದು. ಎದೆನೋವಿಗೆ ಯಾವ ಔಷಧಿ ಕೊಡಬೇಕೆಂಬುದು ಈ ಮಾಹಿತಿಯನ್ನು ಅವಲಂಬಿಸಿದೆ.

ಪ್ರಶ್ನೆ 6: ಔಷಧಿಯ ಅಡ್ಡಪರಿಣಾಮವನ್ನು ಎಲ್ಲಿ ವರದಿ ಮಾಡಬೇಕು?
ಉತ್ತರ: ಚಿಕಿತ್ಸೆ ನೀಡಿದ ವೈದ್ಯರಿಗೆ ತಿಳಿಸಬಹುದು ಅಥವಾ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ಕರೆ ಮಾಡಬಹುದು. ಔಷಧಿಯ ಹೆಸರು, ಬ್ಯಾಚ್ ಸಂಖ್ಯೆ ಹಾಗೂ ಅವಧಿ ಮುಗಿಯುವ ದಿನಾಂಕವಿರುವ ಪಟ್ಟಿಯನ್ನು ಜೊತೆಗಿಟ್ಟುಕೊಳ್ಳುವುದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯಕೀಯ ಸಲಹೆಗೆ ಪರ್ಯಾಯವಲ್ಲ.