ಗಣಕಯಂತ್ರದಲ್ಲಿ ಕ್ರಮವಿಚಾರ

ಬರೆದ ಕ್ರಮವೇ ನಡೆಯುವ ಕ್ರಮವಲ್ಲವೆಂಬುದು ಮೀಮಾಂಸಕರಿಗೆ ಹೊಸ ಮಾತಲ್ಲ. ಪಾಠದಲ್ಲಿ ಅಗ್ನಿಹೋತ್ರದ ಹೋಮವು ಮೊದಲೂ ಯವಾಗೂಪಾಕವು ಅನಂತರವೂ ಇದ್ದರೂ, ಗಂಜಿಯಿಲ್ಲದೆ ಆ ಹೋಮವು ನಡೆಯದಾದುದರಿಂದ, ಅವರು ಪಾಠಕ್ರಮಕ್ಕಿಂತ ಅರ್ಥಕ್ರಮವೇ ಪ್ರಬಲವೆಂದು ನಿರ್ಣಯಿಸಿದರು. ಗಣಕಯಂತ್ರದ ಇತಿಹಾಸದಲ್ಲಿಯೂ ಇದೇ ಪ್ರಶ್ನೆಯು ತಲೆದೋರಿತು.

ಅನೇಕ ಪ್ರೊಸೆಸರುಗಳು ಒಂದೇ ಸ್ಮೃತಿಕೋಶವನ್ನು ಬಳಸುವಾಗ, ಪ್ರತಿಯೊಂದರ ಆದೇಶಗಳೂ ಬರೆದ ಕ್ರಮದಲ್ಲಿಯೇ ಒಂದು ಸರಣಿಯಾಗಿ ನಡೆದಂತೆ ಫಲವು ತೋರಬೇಕೆಂದು 1979ರಲ್ಲಿ ಲೆಸ್ಲಿ ಲ್ಯಾಂಪೋರ್ಟರು ಲಕ್ಷಣವನ್ನು ಹೇಳಿದರು. ವೇಗವನ್ನು ಬಯಸಿದ ಯಂತ್ರಗಳು ಇದನ್ನು ಪೂರ್ಣವಾಗಿ ಪಾಲಿಸಲಿಲ್ಲ. 1992ರಲ್ಲಿ ಹೊರಬಂದ ಆಲ್ಫಾ ಪ್ರೊಸೆಸರಿನಲ್ಲಿ ಈ ಸ್ವಾತಂತ್ರ್ಯವು ಬಹಳ ದೂರ ಹೋಗಿದ್ದಿತು.

ಇಂತಹ ಯಂತ್ರಗಳ ಮೇಲೆ ನಡೆಯುವ ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನಲ್ಲಿ 2008ರವರೆಗೂ ಒಂದು ಸೂಕ್ಷ್ಮದೋಷವು ಉಳಿದಿದ್ದಿತು. ಕರ್ನೆಲ್ಲು ಸ್ಮೃತಿಯ ಪುಟವೊಂದರಲ್ಲಿ ವಿಷಯವನ್ನು ತುಂಬಿ, ಬಳಿಕ ಪುಟವು ಸಿದ್ಧವೆಂಬ ಗುರುತನ್ನು ಇಡುತ್ತಿದ್ದಿತು. ಆದರೆ ಮತ್ತೊಂದು ಪ್ರೊಸೆಸರಿಗೆ ಗುರುತು ಮೊದಲು ಕಂಡು, ಪುಟದಲ್ಲಿ ಹಳೆಯ ವಿಷಯವೇ ದೊರೆಯುವ ಸಂಭವವಿದ್ದಿತು. ಗುರುತಿಡುವ ಮುನ್ನ ಬರವಣಿಗೆಗೊಂದು ತಡೆಯನ್ನೂ, ಗುರುತನ್ನು ಕಂಡ ಮೇಲೆ ಓದಿಗೊಂದು ತಡೆಯನ್ನೂ ಇಟ್ಟು ಈ ದೋಷವನ್ನು ಪರಿಹರಿಸಿದರು. ಬರೆಯುವವನ ಎಚ್ಚರವೊಂದೇ ಸಾಲದು, ಓದುವವನೂ ಕ್ರಮವನ್ನು ಕಾಯಬೇಕೆಂಬುದೇ ಇದರ ತಾತ್ಪರ್ಯ.

2018ರಲ್ಲಿ ಇಂತಹ ನಿಯಮಗಳು, ಯಂತ್ರದಿಂದಲೇ ಪರೀಕ್ಷಿಸಬಹುದಾದ ಸೂತ್ರರೂಪವನ್ನು ತಾಳಿ ಕರ್ನೆಲ್ಲಿನ ಮೂಲಪಾಠದೊಡನೆ ಸೇರಿದವು. ಮೀಮಾಂಸಕನು ಪ್ರಯೋಜನವನ್ನು ನೋಡಿ ಕ್ರಮವನ್ನು ಊಹಿಸಬಲ್ಲನು. ಯಂತ್ರಕ್ಕೆ ವಿವಕ್ಷೆಯು ತಿಳಿಯದು. ಅದಕ್ಕೆ ಅರ್ಥಕ್ರಮವನ್ನೂ ಪಾಠದಲ್ಲಿಯೇ ಬರೆದು ಕೊಡಬೇಕಾಗುವುದು.